ಮೂತ್ರದ ಪೈಪಿಗೆ ಬೆಳ್ಳಿ ಲೇಪನ: ಸಾಲ ಮಾಡಿ ಹಾಕಿಸಬೇಕೇ?



ಹೋದ ಮಳೆಗಾಲದಲ್ಲಿ ಆನೇಮಹಲ್ ಹತ್ತಿರದ ಒಂದು ತೋಟದ ಲೈನ್ ಮನೆಗೆ ಭೇಟಿ ಕೊಟ್ಟಿದ್ದೆವು. ಲಕ್ವ ಹೊಡೆದು ಮಲಗಿದ್ದ ಹಿರಿಯರಿಗೆ ಮೂತ್ರದ ಪೈಪು, ಅಂದರೆ ಕ್ಯಾಥಿಟರ್ ಹಾಕಿ ಮನೆಗೆ ಕಳಿಸಿದ್ದರು. ಎರಡು ಸಲ ಚಳಿಜ್ವರ ಬಂದು ಹೋಗಿತ್ತು. ಸೊಸೆ ನಮ್ಮನ್ನ ಕೇಳಿದರು: "ಸಿಸ್ಟರ್, ಬೆಳ್ಳಿ ಹಚ್ಚಿದ ಪೈಪು ಬಂದಿದೆಯಂತೆ, ಹಾಕಿಸಿದ್ರೆ ಸೋಂಕೇ ಆಗಲ್ವಂತೆ. ಸಂಘದಲ್ಲಿ ಸಾಲ ತೆಗೀಲಾ?" ಆವತ್ತೇ ಉತ್ತರ ಕೊಡಲು ನಮಗೂ ಆಗಲಿಲ್ಲ. ಓದಿ, ವೈದ್ಯರನ್ನು ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮಳೆಗಾಲದಲ್ಲಿ ಅಂಗಳದ ಕಲ್ಲಿನ ಮೇಲೆ ಪಾಚಿ ಕಟ್ಟುತ್ತದಲ್ಲ, ಹಾಗೆಯೇ ಪೈಪಿನ ಒಳಗೂ ಹೊರಗೂ ಬ್ಯಾಕ್ಟೀರಿಯಾಗಳು ಅಂಟಿಕೊಂಡು ಲೋಳೆಯ ಪದರ ಕಟ್ಟುತ್ತವೆ. ಇದಕ್ಕೆ ಬಯೋಫಿಲ್ಮ್ ಎನ್ನುತ್ತಾರೆ. ಲೋಳೆಯೊಳಗೆ ಅವಿತ ರೋಗಾಣುಗಳಿಗೆ ಔಷಧಿ ಸರಿಯಾಗಿ ತಾಗುವುದಿಲ್ಲ. ಮಾತ್ರೆ ನುಂಗಿದಾಗ ಬಿಟ್ಟ ಜ್ವರ ಮತ್ತೆ ಬರುವುದು ಅದಕ್ಕೇ. ಪೈಪು ಹಾಕಿದ 100 ಜನರಲ್ಲಿ ದಿನಕ್ಕೆ 3ರಿಂದ 7 ಜನರ ಮೂತ್ರಕ್ಕೆ ಹೊಸದಾಗಿ ಬ್ಯಾಕ್ಟೀರಿಯಾ ಸೇರುತ್ತಾ ಹೋಗುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲರಲ್ಲೂ ಇರುತ್ತದೆ. ಇದ್ದ ಮಾತ್ರಕ್ಕೆ ಅದು ಕಾಯಿಲೆಯಲ್ಲ. ಜ್ವರ, ನಡುಕ, ಹೊಟ್ಟೆನೋವು ಇಲ್ಲದಿದ್ದರೆ ಸಾಮಾನ್ಯವಾಗಿ ಆಂಟಿಬಯೋಟಿಕ್ ಬೇಕಾಗಿಲ್ಲ.

ಇನ್ನು ಬೆಳ್ಳಿಯ ವಿಷಯ. ನಮ್ಮಲ್ಲಿ ಮಗುವಿಗೆ ಬೆಳ್ಳಿ ಒಳಲೆಯಲ್ಲಿ ಹಾಲು ಕುಡಿಸುವುದುಂಟು. ಬೆಳ್ಳಿಗೆ ರೋಗಾಣು ಕೊಲ್ಲುವ ಗುಣ ಇರುವುದು ನಿಜ. ತೇವ ತಾಗಿದಾಗ ಅದರಿಂದ ಹೊರಬರುವ ಅಯಾನುಗಳು ಬ್ಯಾಕ್ಟೀರಿಯಾದ ಹೊರಪೊರೆಯನ್ನು ಹಾಳು ಮಾಡಿ, ಒಳಗಿನ ಕೆಲಸವನ್ನೂ ಕೆಡಿಸುತ್ತವೆ. ಇಡೀ ಕಾಳುಮೆಣಸಿಗಿಂತ ಪುಡಿ ಮಾಡಿದ ಮೆಣಸಿಗೆ ಘಾಟು ಜಾಸ್ತಿ ಅಲ್ಲವೇ? ಬೆಳ್ಳಿಯನ್ನೂ ಅತಿ ಸಣ್ಣ ಕಣ ಮಾಡಿದರೆ ಅದರ ಪರಿಣಾಮ ಹೆಚ್ಚುತ್ತದೆ. ಇವೇ ನ್ಯಾನೋ ಕಣಗಳು. ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜಯಂತ ಹಲ್ದಾರ್ ಅವರ ತಂಡವೂ ರೋಗಾಣು ಕೊಲ್ಲುವ ಇಂಥ ಲೇಪನಗಳ ಮೇಲೆ ಸಂಶೋಧನೆ ಮಾಡಿದೆ.

ಪ್ರಯೋಗಾಲಯದಲ್ಲಿ ಇವು ಚೆನ್ನಾಗಿ ಕೆಲಸ ಮಾಡುತ್ತವೆ. ರೋಗಿಯ ಮೈಯಲ್ಲಿ ಕಥೆ ಬೇರೆ. ಬ್ರಿಟನ್ನಿನ 24 ಆಸ್ಪತ್ರೆಗಳಲ್ಲಿ 7,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2012ರಲ್ಲಿ ಹೊರಬಂತು. ಕೆಲವು ದಿನದ ಮಟ್ಟಿಗೆ ಹಾಕುವ ಪೈಪುಗಳಲ್ಲಿ ಬೆಳ್ಳಿ ಲೇಪನದಿಂದ ಸೋಂಕು ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ಅದು ಬೆಳ್ಳಿ ಮಿಶ್ರಲೋಹದ ಲೇಪನ, ನ್ಯಾನೋ ಕಣದ್ದಲ್ಲ ಅನ್ನಿ. ಆದರೆ ತೊಡಕು ಎರಡಕ್ಕೂ ಒಂದೇ: ಮೂತ್ರದಲ್ಲಿರುವ ಪ್ರೋಟೀನು, ಲವಣ, ಸತ್ತ ಬ್ಯಾಕ್ಟೀರಿಯಾ ಎಲ್ಲ ಸೇರಿ ಲೇಪನವನ್ನೇ ಮುಚ್ಚಿಬಿಡುತ್ತವೆ, ಬೆಳ್ಳಿಯೂ ದಿನ ಕಳೆದಂತೆ ಸವೆಯುತ್ತದೆ. ತಿಂಗಳುಗಟ್ಟಲೆ ಪೈಪು ಇರುವವರು ಇದನ್ನೇ ನಂಬಿ ಸಾಲ ಮಾಡುವುದು ನಮಗೆ ಸರಿ ಕಾಣುವುದಿಲ್ಲ.

ವೈದ್ಯರನ್ನು ಮೊದಲು ಕೇಳಬೇಕಾದ್ದು, "ಡಾಕ್ಟ್ರೇ, ಈ ಪೈಪು ಇನ್ನೂ ಬೇಕಾ? ಯಾವಾಗ ತೆಗೀಬಹುದು?" ಎಂದು. ಬೇಗ ತೆಗೆದಷ್ಟೂ ಸೋಂಕಿನ ಭಯ ಕಡಿಮೆ. ಬೇಕೇಬೇಕು ಅಂದರೆ, ಮುಟ್ಟುವ ಮೊದಲೂ ಆಮೇಲೂ ಸೋಪು ಹಾಕಿ ಕೈ ತೊಳೆಯಿರಿ. ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ, ನೆಲಕ್ಕೆ ಮಾತ್ರ ತಾಗಬಾರದು. ಪೈಪನ್ನೂ ಚೀಲವನ್ನೂ ಸುಮ್ಮಸುಮ್ಮನೆ ಬೇರೆ ಮಾಡಬೇಡಿ. ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ ಅಥವಾ ರೋಗಿಗೆ ಮಂಕು ಕವಿದರೆ ಬೆಳಗಾಗಲಿ ಅಂತ ಕಾಯದೆ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಆ ಮನೆಗೆ ಮತ್ತೆ ಹೋದಾಗ ಚೀಲ ಮೊದಲಿನಂತೆ ಹಾಸಿಗೆಯ ಮೇಲಿರಲಿಲ್ಲ, ಮಂಚದ ಪಟ್ಟಿಗೆ ಹಗ್ಗದಲ್ಲಿ ಕಟ್ಟಿ ಕೆಳಗೆ ಬಿಟ್ಟಿದ್ದರು. ಸಾಲ ತೆಗೆದಿರಲಿಲ್ಲ. ಪೈಪು ತೆಗೆದು ನೋಡೋಣ ಎಂದು ಡಾಕ್ಟರು ಮುಂದಿನ ವಾರ ಬರಹೇಳಿದ್ದಾರೆಂದು ಸೊಸೆ ಚೀಟಿ ತೋರಿಸಿದರು.