ಸೊನ್ನೆಗೂ ತೆರಬೇಕಾದ ಬೆಲೆ

1981ರಲ್ಲಿ ಇಂಗ್ಲೆಂಡಿನ ಸಿಂಕ್ಲೇರ್ ಸಂಸ್ಥೆಯು ಮನೆಬಳಕೆಗೆಂದು ಹೊರತಂದ ‘ಝಡ್‌ಎಕ್ಸ್ 81’ ಗಣಕಯಂತ್ರದ ಸ್ಮರಣಕೋಶ ಕೇವಲ 1024 ಬೈಟುಗಳದು. ಒಂದು ಅಕ್ಷರಕ್ಕೆ ಒಂದು ಬೈಟೆಂದು ವಾಚಕರು ಭಾವಿಸಬಹುದು. ಅದರಲ್ಲಿ 125 ಬೈಟು ಯಂತ್ರದ ಸ್ವಂತ ಲೆಕ್ಕಕ್ಕೇ ಮೀಸಲು. ತೆರೆಯ ಮೇಲಿನ ಬರಹಕ್ಕೂ ಅಲ್ಲಿಯೇ ಸ್ಥಳವಾಗಬೇಕು.

ಬೇಸಿಕ್ ಭಾಷೆಯಲ್ಲಿ ಬರಿಯ ಸೊನ್ನೆಯೊಂದನ್ನು ಬರೆದರೆ 7 ಬೈಟು ವ್ಯಯವಾಗುತ್ತಿತ್ತು: ಅಂಕಿಗೆ 1, ಸಂಖ್ಯೆಯೆಂಬ ಗುರುತಿಗೆ 1, ಯಂತ್ರವು ಲೆಕ್ಕಕ್ಕಾಗಿ ಇರಿಸಿಕೊಳ್ಳುವ ರೂಪಕ್ಕೆ 5. ಆದರೆ ಆಜ್ಞಾಪದಗಳು ಒಂದೊಂದೇ ಬೈಟಿನಲ್ಲಿ ಅಡಗುತ್ತಿದ್ದುದರಿಂದ, ‘ನಾಟ್ ಪೈ’ ಎಂದರೆ 2 ಬೈಟಿಗೇ ಸೊನ್ನೆ ದೊರೆಯುತ್ತಿತ್ತು! ಸೊನ್ನೆಯಲ್ಲದ ಯಾವ ಸಂಖ್ಯೆಗೆ ‘ನಾಟ್’ ಸೇರಿಸಿದರೂ ಫಲ ಸೊನ್ನೆಯೇ. ಇಂತಹ ಜಿಪುಣತನವನ್ನು ನಾವು ಜಾಣ್ಮೆಯೆಂದೇ ಎಣಿಸುತ್ತೇವೆ. ಡೇವಿಡ್ ಹಾರ್ನ್ ಎಂಬವರು ಯಂತ್ರಭಾಷೆಯ 672 ಬೈಟುಗಳಲ್ಲಿ ಚದುರಂಗವನ್ನೇ ಆಡಿಸಿದರು. ಕ್ಯಾಸ್ಲಿಂಗ್ ಮೊದಲಾದ ನಡೆಗಳಿಗೆ ಮಾತ್ರ ಎಡೆಯಿರಲಿಲ್ಲ.