ಕರಣೆ ಗಾರೆಗೆ, ಕುರ್ಚಿಗೆ ಕಳೆಗೆ: ಕೊಳ್ಳುವ ಮುಂಚೆ ಕುತ್ತಿಗೆ ನೋಡಿ

ಸಿಂಧನೂರಿನ ಹಾರ್ಡ್‌ವೇರ್ ಅಂಗಡಿಗೆ ಹೋದ್ರೆ ಗೌಂಡಿಯವರ ಕರಣೆ ಸುಲಭವಾಗಿ ಸಿಗುತ್ತೆ. ಹೊಸದಾಗಿ ತರಕಾರಿಗೆ ಇಳಿದವರು ಸಸಿ ಮಡಿಗೂ ಅದನ್ನೇ ಒಯ್ಯೋದನ್ನ ನೋಡ್ತಿರ್ತೀನಿ. ನನ್ನದು ಸಾವಯವ ಹೊಲ, ಕಳೆನಾಶಕ ಹೊಡೆಯಲ್ಲ. ಕೈಯಲ್ಲಿರೋ ಸಲಕರಣೆಯೇ ಕಳೆನಾಶಕ. ಅದಕ್ಕೇ ಈ ವಾರ ಅದರ ಮಾತು.

ಕರಣೆಯ ಅಲಗು ತೆಳು, ಚಪ್ಪಟೆ. ಗಾರೆ ಹರಡಿ ನುಣುಪು ಮಾಡೋಕೆ ಆ ಬಳುಕು ಬೇಕು. ಆದ್ರೆ ಮಣ್ಣಿಗೆ ಚುಚ್ಚಿ ಮೀಟಿದಾಗ ಭಾರವೆಲ್ಲ ಅಲಗು ಮತ್ತು ಹಿಡಿ ನಡುವಿನ ಕುತ್ತಿಗೆ ಮೇಲೆ ಬೀಳುತ್ತೆ. ನಮ್ಮ ಎರೆ ಮಣ್ಣು ಹಸಿಯಿದ್ದಾಗ ಅಂಟುತ್ತೆ, ಒಣಗಿದ್ರೆ ಕಲ್ಲಾಗುತ್ತೆ. ಕಳಪೆ ಬೆಸುಗೆಯ ಕುತ್ತಿಗೆ ಅಲ್ಲೇ ಸೋಲುತ್ತೆ. ಲಿಂಗಸುಗೂರು ಕಡೆಯ ಮಸಾರಿ ಹೊಲಗಳಲ್ಲಿ ಅಂಟು ಕಡಿಮೆ, ಆದ್ರೆ ಹರಳು ತಾಗಿ ಬಾಯಿ ಮೊಂಡಾಗುತ್ತೆ.

ಮಸ್ಕಿ ಅಂದ್ರೆ 1915ರಲ್ಲಿ ಸಿಕ್ಕ ಅಶೋಕನ ಶಾಸನ ನೆನಪಾಗುತ್ತೆ. ಅದೇ ಊರಲ್ಲಿ 1954ರಲ್ಲಿ ಬಿ. ಕೆ. ಥಾಪರ್ ಉತ್ಖನನ ನಡೆಸಿದಾಗ ಕೆಳಗಿನ ಪದರದಲ್ಲಿ ಕಲ್ಲಿನ ಅಲಗುಗಳು, ಅದರ ಮೇಲಿನ ಪದರದಲ್ಲಿ ಕಬ್ಬಿಣದ ಉಪಕರಣಗಳು ಸಿಕ್ಕವು. ಉತ್ಖನನ ಮಾಡುವವರು ಮಣ್ಣಿನ ಪದರ ಕೆರೆಯೋಕೆ ಬಳಸೋದೂ ಸಣ್ಣ ಕರಣೆಯನ್ನೇ. ಆದ್ರೆ ಅವರು ಇಷ್ಟಪಡೋದು ಅಲಗು, ಕುತ್ತಿಗೆ ಒಂದೇ ತುಂಡಾಗಿರೋದನ್ನ. ನಾವೂ ಅದನ್ನೇ ಹುಡುಕಬೇಕು.

ಕೊಳ್ಳುವಾಗ ಇಷ್ಟು ನೋಡ್ರಿ:

- ಸಸಿ ನಾಟಿಗೆ ಚಮಚದಂಗೆ ಬಾಗಿದ ದಪ್ಪ ಅಲಗು, ಕಳೆಗೆ ಕುರ್ಚಿಗೆ.
- ತುದಿಯನ್ನ ಹಲಗೆಗೆ ಒತ್ತಿ. ಕುತ್ತಿಗೆ ಬಳುಕಿದ್ರೆ ವಾಪಸ್ ಇಡಿ.
- ಅಲಗಿನ ಬಾಲ ಹಿಡಿಯೊಳಗೆ ಆಳಕ್ಕೆ ಹೋಗಿರಬೇಕು, ಹಿಡಿ ಬಾಯಿಗೆ ಕಬ್ಬಿಣದ ಬಳೆ ಇರಬೇಕು.
- ಅಂಗಡೀಲಿ ಸಿಗದಿದ್ರೆ ಊರ ಕಮ್ಮಾರರ ಹತ್ರ ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿ ಕೊಟ್ಟು ಮಾಡಿಸಿ.

ಕೆಲಸ ಮುಗಿದ ಮೇಲೆ ಮಣ್ಣು ಕೆರೆದು, ಒರೆಸಿ ಒಣಗಿಸಿಡಿ. ಬಾಯಿ ಮೊಂಡಾದ್ರೆ ಅರ ಹಾಕಿ. ಮರದ ಹಿಡಿಗೆ ಆಗಾಗ ತೆಳುವಾಗಿ ಕುಸುಬಿ ಎಣ್ಣೆ ಸವರಿ. ಅದು ಒಣಗಿ ಗಟ್ಟಿಯಾಗೋ ಎಣ್ಣೆ, ಜಿಡ್ಡು ಉಳಿಯಲ್ಲ.

ಇನ್ನೊಂದು ಮಾತು. ಫೋನಲ್ಲಿ ಫೋಟೋ ನೋಡಿ ಆರ್ಡರ್ ಮಾಡೋರು ನಾವು. ದಿನವಿಡೀ ಕುಕ್ಕರಗಾಲಲ್ಲಿ ಕೂತು ಕಳೆ ತೆಗೆಯೋರು ಹೆಚ್ಚಾಗಿ ಹೆಣ್ಮಕ್ಕಳು. ದಪ್ಪ ಹಿಡಿ ಅವರ ಮುಷ್ಟಿಗೆ ಸಿಗಲ್ಲ, ಮೊಂಡು ಬಾಯಿಗೆ ಮಣಿಕಟ್ಟು ಸೋಲುತ್ತೆ. ಅಂಗೈಗೆ ಬೊಬ್ಬೆ ಎದ್ರೆ ಅವರ ಮರುದಿನದ ಕೂಲಿ ಹೋಯ್ತು, ನಮ್ಮ ಕಳೆ ಹಂಗೇ ಉಳೀತು. ಡಜನ್ ತರೋ ಮುಂಚೆ ಒಂದೇ ಒಂದು ತಂದು ಅವರ ಕೈಗೆ ಕೊಡಿ. ಒಂದು ಸಾಲು ಮುಗಿಸಿ "ಇದು ಚಲೋ ಐತ್ರೀ" ಅಂದ್ರೆ ಉಳಿದ ಹನ್ನೊಂದು ತನ್ನಿ.