ಗಂಟು ಹಾಕದ ಹಗ್ಗ

ಬಾಗಲಕೋಟೆ ಸೀಮೆಯಲ್ಲಿ ಹಗ್ಗಕ್ಕೆ ಬಿಡುವಿಲ್ಲ. ಎತ್ತಿಗೆ ಕಣ್ಣಿ, ಬಾವಿಗೆ ಸೇದುವ ಹಗ್ಗ, ಮಹಾಕೂಟದ ತೇರಿಗೆ ಮಿಣಿ. ಇದೇ ಜಿಲ್ಲೆಯ ತುಳಸಿಗೇರಿಯಲ್ಲಿ ಹಗ್ಗ ಮನುಷ್ಯರನ್ನೇ ಹೊರುತ್ತದೆ. ಕಂಬ, ಹಗ್ಗಗಳ ಮೇಲೆ ಕಸರತ್ತು ಮಾಡುವ ಮಲ್ಲಕಂಬಕ್ಕೆ ಹೆಸರಾದ ಊರದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಕಂಬದ ಸಾಹಸಕ್ಕಿಂತ ಹಗ್ಗದ ಮಲ್ಲಕಂಬ. ಅದರಲ್ಲೂ ಕಾಲಿನ ಹೆಬ್ಬೆರಳು.

ಮೇಲಿನಿಂದ ಇಳಿಬಿಟ್ಟ, ಹೆಬ್ಬೆರಳ ದಪ್ಪದ ನೂಲಿನ ಹಗ್ಗ. ಹುಡುಗಿ ಎರಡೂ ಕೈಯಿಂದ ಅದನ್ನು ಹಿಡಿದು ಕಾಲು ಮೇಲೆತ್ತುತ್ತಾಳೆ. ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವಿನ ಸಂದಿನಲ್ಲಿ ಹಗ್ಗ ಸಿಕ್ಕುತ್ತದೆ. ಇಡೀ ವಿದ್ಯೆ ನಿಂತಿರುವುದು ಆ ಸಂದಿಯಲ್ಲೇ. ಅಲ್ಲಿಂದ ಹಗ್ಗ ತೊಡೆ ಸುತ್ತಿ, ಸೊಂಟ ಬಳಸಿ, ಬೆನ್ನಿಗೆ ಬರುತ್ತದೆ. ಒಂದು ಸುತ್ತಿನ ಬಿಗಿ ಇನ್ನೊಂದು ಸುತ್ತನ್ನು ಅದುಮಿ ಹಿಡಿಯುತ್ತದೆ. ಆಮೇಲೆ ಎರಡೂ ಕೈ ಬಿಟ್ಟು ಗಾಳಿಯಲ್ಲೇ ಪದ್ಮಾಸನ! ಇಳಿಯುವಾಗ ಸುತ್ತಿದ ಕ್ರಮಕ್ಕೆ ತಿರುಗಾಮುರುಗಾ ಒಂದೊಂದೇ ಸುತ್ತು ಬಿಚ್ಚಬೇಕು.

ಎಲ್ಲಿಯೂ ಗಂಟಿಲ್ಲ. ಗಂಟು ಹಾಕುವುದಕ್ಕೆ ನಿಯಮದಲ್ಲೇ ಅವಕಾಶವಿಲ್ಲ. ಹಾಗಾಗಿ ಬಿಗಿಯುವುದೂ ಸಡಿಲಿಸುವುದೂ ಆ ಹುಡುಗಿಯದೇ ಕೈಯಲ್ಲಿ, ಅವಳದೇ ಕಾಲಲ್ಲಿ. ಕಲಿಯುವ ದಿನಗಳಲ್ಲಿ ತೊಡೆಯ ಚರ್ಮ ಉಜ್ಜಿ ಕೆಂಪಾಗುತ್ತದೆ, ಬೆರಳ ಸಂದು ಉರಿಯುತ್ತದೆ. ಹೆದರಿ ಸೆಟೆದ ಮೈಗೆ ಹಗ್ಗ ಸರಿಯಾಗಿ ಕೂರುವುದಿಲ್ಲ. ಉಸಿರು ಹದಕ್ಕೆ ಬಂದಾಗಲೇ ಹಿಡಿತ ಬರುವುದು.

ಮಲ್ಲಕಂಬದ ಹಳೆಯ ಉಲ್ಲೇಖ ಇರುವುದು ಕನ್ನಡ ನಾಡಿನಲ್ಲೇ: ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ, 12ನೇ ಶತಮಾನದ 'ಮಾನಸೋಲ್ಲಾಸ'ದಲ್ಲಿ. ಮರೆತುಹೋಗಿದ್ದ ಇದಕ್ಕೆ 19ನೇ ಶತಮಾನದ ಆರಂಭದಲ್ಲಿ ಮರುಜೀವ ಕೊಟ್ಟವರು ಪೇಶ್ವೆ ಎರಡನೇ ಬಾಜಿರಾಯನ ವ್ಯಾಯಾಮ ಗುರು ಬಾಳಂಭಟ್ಟ ದಾದಾ ದೇವಧರ. ಇಂದಿನ ಹಗ್ಗದ ಮಲ್ಲಕಂಬವನ್ನು ಮೊದಲು ಬೆತ್ತದ ಮೇಲೆ ಆಡುತ್ತಿದ್ದರು. ಬೆತ್ತ ಹೋಗಿ ನೂಲಿನ ಹಗ್ಗ ಬಂತು. ಹೆಣ್ಣುಮಕ್ಕಳು ಅದನ್ನು ತಮ್ಮದಾಗಿಸಿಕೊಂಡರು.

2019ರಲ್ಲಿ ಮುಂಬೈಯಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಆಮೇಲೆ ಖೇಲೋ ಇಂಡಿಯಾದಲ್ಲೂ ಜಾಗ ಸಿಕ್ಕಿತು. 2024ರಲ್ಲಿ ಮುಂಬೈಯ ತರಬೇತುದಾರ ಉದಯ ದೇಶಪಾಂಡೆ ಅವರಿಗೆ ಪದ್ಮಶ್ರೀ ಬಂತು. ನಮ್ಮ ರಾಜ್ಯವೂ ದೇಸಿ ಕ್ರೀಡೆಗಳ ಸಾಧಕರಿಗೆ ಕ್ರೀಡಾರತ್ನ ಕೊಡುತ್ತದೆ. ಇವೆಲ್ಲ ಸಂತೋಷದ ಮಾತು. ಆದರೆ ಹಳ್ಳಿಯ ಹುಡುಗಿಗೆ ಪ್ರಶಸ್ತಿಗಿಂತ ಮೊದಲು ಬೇಕಾದದ್ದು ಬೀಳುವ ಜಾಗದಲ್ಲೊಂದು ದಪ್ಪ ಮ್ಯಾಟ್, ಭಾರ ತಡೆಯುವ ತೊಲೆ, ಪಕ್ಕದಲ್ಲಿ ನಿಲ್ಲುವ ಬಲ್ಲ ಗುರು, ಮತ್ತು ಎಸ್ಸೆಸ್ಸೆಲ್ಸಿ ಮುಗಿದ ಮೇಲೂ 'ಆಡು ಮಗಳೇ' ಎನ್ನುವ ಮನೆಯವರು.

ಗುರುವಿಲ್ಲದೆ ಯಾರೂ ಹಗ್ಗ ಹತ್ತಬಾರದು. ಗುರು ಇರುವ ಊರಿನಲ್ಲಿ ಹಗ್ಗವಿಲ್ಲದ ಶಾಲೆಯೂ ಇರಬಾರದು. ಬಾದಾಮಿ, ಹುನಗುಂದ, ಇಳಕಲ್ಲಿನ ಶಾಲೆಗಳ ಎಸ್‌ಡಿಎಂಸಿಯವರು ಒಮ್ಮೆ ತುಳಸಿಗೇರಿಗೆ ಹೋಗಿ ನೋಡಿ ಬರಲಿ.